ಬೋಟು ಕೊಟ್ಟ ಮಾತ್ರಕ್ಕೆ ಕಡಲು ಕಾಯಲು ಆಗುತ್ತದೆಯೇ?

2025ರ ಏಪ್ರಿಲ್ 5ರಂದು ಕಾರವಾರದ ನೌಕಾನೆಲೆಯಿಂದ ಐಎನ್‌ಎಸ್ ಸುನಯನಾ ಎಂಬ ಗಸ್ತು ಹಡಗು ಆಫ್ರಿಕಾದ ಕಡೆಗೆ ಹೊರಟಿತು. ಅಲ್ಲಿಂದ ಹಡಗು ಹೊರಡುವುದೇನೂ ಹೊಸದಲ್ಲ. ಆದರೆ ಈ ಸಲ ನಮ್ಮ ನಾವಿಕರ ಜೊತೆ ಬೇರೆ ಒಂಬತ್ತು ದೇಶಗಳ 44 ಮಂದಿಯೂ ಹತ್ತಿದ್ದರು. ಕೊಮೊರೊಸ್, ಕೀನ್ಯಾ, ಮಡಗಾಸ್ಕರ್, ಮಾಲ್ಡೀವ್ಸ್, ಮಾರಿಷಸ್, ಮೊಜಾಂಬಿಕ್, ಸೀಶೆಲ್ಸ್, ಶ್ರೀಲಂಕಾ ಮತ್ತು ತಾಂಜಾನಿಯಾದ ನೌಕಾ ಸಿಬ್ಬಂದಿ ಅವರು. ಮೊದಲು ಕೊಚ್ಚಿಯಲ್ಲಿ ತರಬೇತಿ ಪಡೆದು, ಆಮೇಲೆ ನಮ್ಮವರ ಜೊತೆಗೇ ಹಡಗು ನಡೆಸುತ್ತಾ ಆಫ್ರಿಕಾದ ಕರಾವಳಿ, ಮಾರಿಷಸ್, ಸೀಶೆಲ್ಸ್ ಎಲ್ಲ ಸುತ್ತಿದರು. ದಾರಿಯಲ್ಲಿ ಆಯಾ ದೇಶದ ಸಮುದ್ರದಲ್ಲಿ ಜಂಟಿ ಗಸ್ತು ನಡೆಯಿತು. ಮೇ 8ಕ್ಕೆ ಹಡಗು ಕೊಚ್ಚಿಗೆ ವಾಪಸ್ ಬಂತು.

ಇಂಥ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಭಾರತ ಮಾರಿಷಸ್‌ಗೆ ಹಡಗು ಕಟ್ಟಿಕೊಟ್ಟಿತು, ಸೀಶೆಲ್ಸ್‌ಗೆ ವಿಮಾನ ಕೊಟ್ಟಿತು, ಜಪಾನ್ ಫಿಲಿಪ್ಪೀನ್ಸ್‌ಗೆ ಗಸ್ತು ಹಡಗು ಕೊಟ್ಟಿತು ಅಂತ. ನಾವು ಓದಿ ಪುಟ ತಿರುಗಿಸುತ್ತೇವೆ. ಒಂದು ದೇಶ ಇನ್ನೊಂದು ದೇಶದ ಸಮುದ್ರ ಕಾಯಲು ಯಾಕೆ ನೆರವಾಗಬೇಕು? ಆ ನೆರವಿನಲ್ಲಿ ಏನೇನಿರುತ್ತದೆ? ಪಡೆದವರಿಗೆ ಅದರಿಂದ ನಿಜಕ್ಕೂ ಉಪಯೋಗ ಆಗಿದೆಯಾ? ಬುಡದಿಂದ ನೋಡೋಣ.

ಸಮುದ್ರದಲ್ಲೂ ಗಡಿ ಇದೆಯಾ?

ಇದೆ. 1982ರಲ್ಲಿ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಆಯಿತು, 1994ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ದಡದಿಂದ 12 ನಾಟಿಕಲ್ ಮೈಲಿವರೆಗೆ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ, ಸಮುದ್ರ ಆ ದೇಶದ ನೆಲ ಇದ್ದ ಹಾಗೆ. ಅಲ್ಲಿ ನಡೆಯುವುದು ಆ ದೇಶದ ಕಾನೂನು. ಬೇರೆಯವರ ಹಡಗು ಯಾರಿಗೂ ತೊಂದರೆ ಕೊಡದೆ ಹಾದುಹೋಗಬಹುದು, ಅಷ್ಟೇ.

ಅದರಾಚೆ 200 ನಾಟಿಕಲ್ ಮೈಲಿವರೆಗೆ, ಸುಮಾರು 370 ಕಿಲೋಮೀಟರ್‌ವರೆಗೆ, ವಿಶೇಷ ಆರ್ಥಿಕ ವಲಯ. ಇದು ಸ್ವಲ್ಪ ಗೊಂದಲದ ಜಾಗ. ನಮ್ಮ ಊರುಗಳಲ್ಲಿ ಕೆರೆಯ ಮೀನು ಹರಾಜು ಹಾಕುತ್ತಾರಲ್ಲ, ಹಾಗೆ ಅಂದುಕೊಳ್ಳಿ. ಹರಾಜು ಹಿಡಿದವನಿಗೆ ಮೀನು ಸೇರಿದ್ದು, ಬೇರೆಯವರು ಬಲೆ ಬೀಸುವಂತಿಲ್ಲ. ಹಾಗಂತ ದನಕ್ಕೆ ನೀರು ಕುಡಿಸಲು ಬಂದವರನ್ನು, ಏರಿ ಮೇಲೆ ನಡೆದು ಹೋಗುವವರನ್ನು ಅವನು ತಡೆಯುವಂತಿಲ್ಲ. ವಿಶೇಷ ಆರ್ಥಿಕ ವಲಯದಲ್ಲೂ ಹೀಗೇ. ಮೀನು, ತೈಲ, ಅನಿಲ, ತಳದ ಖನಿಜ ಎಲ್ಲ ಆ ಕರಾವಳಿ ದೇಶದ್ದು. ಹಡಗು ಓಡಾಟ ಮಾತ್ರ ಎಲ್ಲರಿಗೂ ಮುಕ್ತ.

ಈ ಒಪ್ಪಂದದಿಂದ ಪುಟ್ಟ ದ್ವೀಪ ದೇಶಗಳಿಗೆ ರಾತ್ರೋರಾತ್ರಿ ದೊಡ್ಡ ಆಸ್ತಿ ಸಿಕ್ಕಿತು. ಅದನ್ನು ಕಾಯುವ ಹೊಣೆಯೂ ಹೆಗಲೇರಿತು.

ಒಂದು ಲಕ್ಷ ಜನ, ಏಳು ಕರ್ನಾಟಕದಷ್ಟು ನೀರು

ಸೀಶೆಲ್ಸ್ ತೆಗೆದುಕೊಳ್ಳಿ. ಆಫ್ರಿಕಾದ ಪೂರ್ವಕ್ಕೆ ಹಿಂದೂ ಮಹಾಸಾಗರದಲ್ಲಿ ಚದುರಿರುವ 115 ದ್ವೀಪಗಳು. ಎಲ್ಲ ನೆಲ ಒಟ್ಟು ಸೇರಿಸಿದರೂ ಸುಮಾರು 455 ಚದರ ಕಿಲೋಮೀಟರ್. ಜನಸಂಖ್ಯೆ ಹೆಚ್ಚುಕಮ್ಮಿ ಒಂದು ಲಕ್ಷ, ನಮ್ಮ ಒಂದು ಸಣ್ಣ ತಾಲ್ಲೂಕಿನಷ್ಟು. ಅದರ ಆರ್ಥಿಕ ವಲಯ ಮಾತ್ರ ಸುಮಾರು 13 ಲಕ್ಷ 70 ಸಾವಿರ ಚದರ ಕಿಲೋಮೀಟರ್. ಕರ್ನಾಟಕದ ಏಳು ಪಟ್ಟು!

ಆ ದೇಶ ಬದುಕುವುದು ಮುಖ್ಯವಾಗಿ ಪ್ರವಾಸಿಗರಿಂದ ಮತ್ತು ಟ್ಯೂನಾ ಮೀನಿನಿಂದ. ಎರಡೂ ಸಮುದ್ರದ ಮೇಲೆ ನಿಂತಿವೆ. ಬೇರೆ ದೇಶದ ದೊಡ್ಡ ಮೀನುಗಾರಿಕೆ ಹಡಗು ಕದ್ದು ಬಂದು ಟ್ಯೂನಾ ಬಳಿದುಕೊಂಡು ಹೋದರೆ ಕೇಳುವವರು ಬೇಕು. ಇರಾನ್, ಪಾಕಿಸ್ತಾನದ ಮಕ್ರಾನ್ ಕರಾವಳಿಯಿಂದ ಹೆರಾಯಿನ್ ತುಂಬಿಕೊಂಡು ಬರುವ ಮರದ ಹಡಗುಗಳನ್ನು ತಡೆಯುವವರು ಬೇಕು. ಕಡಲ್ಗಳ್ಳರು ಬಂದರೆ ಎದುರಿಸುವವರು ಬೇಕು. ಒಂದು ಲಕ್ಷ ಜನರ ತೆರಿಗೆ ದುಡ್ಡಲ್ಲಿ ಇಷ್ಟೆಲ್ಲ ಆಗುವ ಮಾತಲ್ಲ.

ಕಾವಲು ಅಂದ ತಕ್ಷಣ ನಮಗೆ ಬಂದೂಕು ನೆನಪಾಗುತ್ತದೆ. ಮಾರಿಷಸ್‌ನವರಿಗೆ 2020ರ ಜುಲೈ ನೆನಪಾಗುತ್ತದೆ. ವಕಾಶಿಯೊ ಎಂಬ ಜಪಾನಿ ಮಾಲೀಕತ್ವದ ಸರಕು ಹಡಗು ಅಲ್ಲಿನ ಹವಳದ ದಿಬ್ಬಕ್ಕೆ ಬಂದು ಕೂತಿತು. ಕೆಲವೇ ದಿನಗಳಲ್ಲಿ ಹೊಟ್ಟೆ ಬಿರಿದು ಸುಮಾರು ಸಾವಿರ ಟನ್ ತೈಲ ತಿಳಿ ನೀರಿಗೆ ಹರಿಯಿತು. ಊರ ಜನ ಕಬ್ಬಿನ ಸೋಗೆ, ಬಟ್ಟೆ, ಕೂದಲು ತುಂಬಿ ಉದ್ದುದ್ದ ತಡೆ ಹೊಲಿದು ನೀರಿಗೆ ಇಳಿಸಿದರು. ಭಾರತ ವಾಯುಪಡೆಯ ವಿಮಾನದಲ್ಲಿ 30 ಟನ್‌ಗೂ ಹೆಚ್ಚು ಸಲಕರಣೆ ಮತ್ತು 10 ಜನರ ಕೋಸ್ಟ್ ಗಾರ್ಡ್ ತಂಡ ಕಳಿಸಿತು. ದಡದ ಕಡೆಗೆ ತಪ್ಪು ದಾರಿಯಲ್ಲಿ ಬರುತ್ತಿರುವ ಹಡಗನ್ನು ಮೊದಲೇ ಗಮನಿಸಿ ಎಚ್ಚರಿಸುವುದು, ತೈಲ ಸೋರಿದರೆ ತಡೆಯುವುದು, ಇವೂ ಕಡಲ ಕಾವಲಿನ ಕೆಲಸವೇ.

ಮೊದಲು ಕಣ್ಣಿಗೆ ಬೀಳಬೇಕು

ಕಾವಲಿನ ಮೊದಲ ಕಷ್ಟ, ಅಲ್ಲಿ ಯಾರಿದ್ದಾರೆ ಅಂತ ಗೊತ್ತಾಗುವುದು. ಇದು ಎಷ್ಟು ಕಷ್ಟ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿ ಮೀನುಗಾರರ ಸಮೇತ 2018ರ ಡಿಸೆಂಬರ್‌ನಲ್ಲಿ ಕಾಣೆಯಾಯಿತು. ನೌಕಾಪಡೆ, ಕೋಸ್ಟ್ ಗಾರ್ಡ್ ಹುಡುಕಿದವು. ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಹತ್ತಿರ ಸಮುದ್ರದ ತಳದಲ್ಲಿ ಪತ್ತೆಯಾಗುವ ಹೊತ್ತಿಗೆ 2019ರ ಮೇ ಬಂದಿತ್ತು. ಹಡಗು, ವಿಮಾನ, ಉಪಗ್ರಹ ಎಲ್ಲ ಇರುವ ದೇಶದ ಕಥೆ ಇದು.

ಸಮುದ್ರದ ಮೇಲೆ ಕಣ್ಣಿಡಲು ಕೆಲವು ದಾರಿಗಳಿವೆ. ಒಂದು, ದಡದ ರಾಡಾರ್. 26/11ರ ಮುಂಬೈ ದಾಳಿಕೋರರು ಕುಬೇರ್ ಎಂಬ ಮೀನುಗಾರಿಕೆ ಬೋಟು ಅಪಹರಿಸಿಕೊಂಡು ಬಂದದ್ದು ನೆನಪಿದೆಯಲ್ಲ? ಆ ಪೆಟ್ಟು ತಿಂದ ಮೇಲೆ ಭಾರತ ತನ್ನ ಕರಾವಳಿ ಉದ್ದಕ್ಕೂ ರಾಡಾರ್ ಸಾಲು ಹಾಕಿತು. ಕಟ್ಟಿದ್ದು ಬೆಂಗಳೂರಿನ ಬಿಇಎಲ್. ಅದೇ ಬಗೆಯ ವ್ಯವಸ್ಥೆ ಶ್ರೀಲಂಕಾ, ಮಾಲ್ಡೀವ್ಸ್, ಮಾರಿಷಸ್, ಸೀಶೆಲ್ಸ್‌ಗೂ ಹೋಯಿತು. ಸೀಶೆಲ್ಸ್‌ನ ರಾಡಾರ್ ವ್ಯವಸ್ಥೆಯನ್ನು 2015ರ ಮಾರ್ಚ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು. ಆದರೆ ಭೂಮಿ ಗುಂಡಗಿದೆ. ದಡದ ರಾಡಾರ್‌ಗೆ ಬಾಗಿದ ನೀರಿನ ಆಚೆ ಕಾಣುವುದಿಲ್ಲ. 370 ಕಿಲೋಮೀಟರ್ ದೂರದಲ್ಲಿ ಬಲೆ ಬಿಟ್ಟವನು ಅದರ ಲೆಕ್ಕಕ್ಕೇ ಸಿಗುವುದಿಲ್ಲ.

ಇನ್ನೊಂದು, ಎಐಎಸ್ ಎಂಬ ಪೆಟ್ಟಿಗೆ. ಅಂತರರಾಷ್ಟ್ರೀಯ ಯಾನದ 300 ಟನ್ ಮೀರಿದ ಹಡಗುಗಳೆಲ್ಲ ಇದನ್ನು ಇಟ್ಟುಕೊಂಡಿರಲೇಬೇಕು. ನಾನು ಇಂಥ ಹಡಗು, ಇಲ್ಲಿದ್ದೇನೆ, ಈ ಕಡೆ ಹೊರಟಿದ್ದೇನೆ ಅಂತ ಅದು ಸದಾ ಹೇಳುತ್ತಿರುತ್ತದೆ. ತೊಂದರೆ ಏನಪ್ಪಾ ಅಂದರೆ, ಸ್ವಿಚ್ ಒತ್ತಿ ಅದನ್ನು ಆರಿಸಬಹುದು. ಕಳ್ಳತನಕ್ಕೆ ಬಂದವನು ಮೊದಲು ಮಾಡುವ ಕೆಲಸವೇ ಅದು. ಸಣ್ಣ ಬೋಟುಗಳಿಗಂತೂ ಆ ನಿಯಮವೇ ಇಲ್ಲ. ಅದಕ್ಕೇ ಈಗ ಉಪಗ್ರಹಗಳ ಮೊರೆ ಹೋಗಿದ್ದಾರೆ. ಎಐಎಸ್ ಆರಿಸಿದರೂ ಹಡಗಿನ ರೇಡಿಯೊ, ರಾಡಾರ್ ಬಳಸಲೇಬೇಕು. ಆ ಅಲೆಗಳನ್ನು ಮೇಲಿನಿಂದ ಹಿಡಿದು ಹಡಗು ಎಲ್ಲಿದೆ ಅಂತ ಹೇಳಬಹುದು. ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಸೇರಿದ ಕ್ವಾಡ್ ಗುಂಪು 2022ರಲ್ಲಿ ಇಂಥ ಮಾಹಿತಿಯನ್ನು ಸಣ್ಣ ದೇಶಗಳಿಗೂ ಒದಗಿಸುವ ಯೋಜನೆ ಶುರು ಮಾಡಿತು.

ಉಪಗ್ರಹ ಚುಕ್ಕೆ ತೋರಿಸುತ್ತದೆ. ಆ ಚುಕ್ಕೆ ಯಾರು, ಏನು ಮಾಡುತ್ತಿದ್ದಾರೆ ಅಂತ ಹೋಗಿ ನೋಡಲು ವಿಮಾನವೇ ಬೇಕು. ಅದಕ್ಕೆ ಭಾರತ ಕೊಡುತ್ತಾ ಬಂದಿರುವುದು ಎಚ್‌ಎಎಲ್ ಕಾನ್ಪುರದಲ್ಲಿ ಮಾಡುವ ಡಾರ್ನಿಯರ್ ವಿಮಾನ. ಸೀಶೆಲ್ಸ್‌ಗೆ 2013ರಲ್ಲಿ ಒಂದು, 2018ರಲ್ಲಿ ಇನ್ನೊಂದು ಹೋಯಿತು.

ಎಲ್ಲರ ಕಣ್ಣಿಗೆ ಬಿದ್ದದ್ದನ್ನು ಒಂದೆಡೆ ಕೂಡಿಸುವ ಕೆಲಸವೂ ಇದೆ. ಭಾರತದ ಅಂಥ ಕೇಂದ್ರ ಶುರುವಾದದ್ದು 2018ರ ಡಿಸೆಂಬರ್‌ನಲ್ಲಿ, ಎಲ್ಲಿ ಅಂತೀರಿ? ಸಮುದ್ರದ ವಾಸನೆಯೂ ಇಲ್ಲದ ಹರಿಯಾಣದ ಗುರುಗ್ರಾಮದಲ್ಲಿ. ಪರದೆಗಳ ಮುಂದೆ ನಮ್ಮ ನೌಕಾಪಡೆಯವರ ಜೊತೆ ಬೇರೆ ಬೇರೆ ದೇಶಗಳ ಅಧಿಕಾರಿಗಳೂ ಅಲ್ಲಿ ಕೂತಿರುತ್ತಾರೆ. ತನ್ನ ದೇಶದ ಹತ್ತಿರ ಏನಾದರೂ ಅನುಮಾನಾಸ್ಪದ ಕಂಡರೆ ಆ ಅಧಿಕಾರಿ ನೇರ ತನ್ನ ಊರಿಗೆ ಫೋನು ಮಾಡಬಹುದು. ಹಡಗು, ವಿಮಾನಗಳಿಗೆ ಹೋಲಿಸಿದರೆ ಇದು ತೀರಾ ಅಗ್ಗದ ನೆರವು. ನನಗೆ ಕೇಳಿದರೆ ತುಂಬಾ ಉಪಯುಕ್ತವಾದದ್ದೂ ಹೌದು.

ಟೊಪಾಜ್ ಮಾಡಿದ ಕೆಲಸ

ಕಂಡರೆ ಸಾಲದು, ಹೋಗಿ ಮುಟ್ಟಬೇಕು. 2005ರಲ್ಲಿ ಭಾರತ ತನ್ನ ಐಎನ್‌ಎಸ್ ತರ್ಮುಗ್ಲಿ ಎಂಬ ಗಸ್ತು ಹಡಗನ್ನು ಸೀಶೆಲ್ಸ್‌ಗೆ ಕೊಟ್ಟಿತು. ಉದ್ದ 46 ಮೀಟರ್, ದೊಡ್ಡದೇನಲ್ಲ. ಅವರು ಅದಕ್ಕೆ ಟೊಪಾಜ್ ಅಂತ ಹೆಸರಿಟ್ಟರು. ಆಗ ಇದೊಂದು ಸಣ್ಣ ಸುದ್ದಿ.

ಕೆಲವೇ ವರ್ಷಗಳಲ್ಲಿ ಸೋಮಾಲಿಯಾದ ಕಡಲ್ಗಳ್ಳರು ದಡ ಬಿಟ್ಟು ದೂರ ದೂರ ಬರತೊಡಗಿದರು. ದೊಡ್ಡ ದೋಣಿ ಅಪಹರಿಸಿ, ಅದರಲ್ಲಿದ್ದವರನ್ನು ಒತ್ತೆ ಇಟ್ಟುಕೊಂಡು, ಅದರಿಂದ ಸಣ್ಣ ವೇಗದ ದೋಣಿಗಳನ್ನು ಇಳಿಸಿ ಹಡಗುಗಳ ಬೆನ್ನು ಹತ್ತುವುದು ಅವರ ವರಸೆ. ಸೀಶೆಲ್ಸ್ ಅವರ ಕೈಗೆಟಕುವ ದೂರಕ್ಕೆ ಬಂತು. 2009ರ ಡಿಸೆಂಬರ್‌ನ ಒಂದು ರಾತ್ರಿ ಕಡಲ್ಗಳ್ಳರು ಟೊಪಾಜ್ ಮೇಲೇ ದಾಳಿ ಮಾಡಿದರು, ಕಾವಲು ಹಡಗು ಅಂತ ಕತ್ತಲಲ್ಲಿ ಗೊತ್ತಾಗದೆಯೋ ಏನೋ. 11 ಮಂದಿ ಸಿಕ್ಕಿಬಿದ್ದರು.

2010ರ ಮಾರ್ಚ್ ಕೊನೆಯಲ್ಲಿ ಇನ್ನೂ ದೊಡ್ಡದು ನಡೆಯಿತು. ಕಡಲ್ಗಳ್ಳರು ಇರಾನಿನ ಮೀನುಗಾರಿಕೆ ಹಡಗೊಂದನ್ನು ಹಿಡಿದಿದ್ದರು. ಅದೇ ಹಡಗು ಬಳಸಿ ಸೀಶೆಲ್ಸ್‌ನ ಆರು ಮೀನುಗಾರರನ್ನೂ ಒತ್ತೆ ತೆಗೆದುಕೊಂಡು ಸೋಮಾಲಿಯಾ ಕಡೆ ಹೊರಟಿದ್ದರು. ದಡ ಮುಟ್ಟಿದರೆ ಕಥೆ ಮುಗಿದಂತೆ, ತಿಂಗಳುಗಟ್ಟಲೆ ಹಣದ ಚೌಕಾಸಿ. ಟೊಪಾಜ್ ದಾರಿಗೆ ಅಡ್ಡ ಹೋಗಿ, ಗುಂಡು ಹಾರಿಸಿ ಹಡಗಿನ ಎಂಜಿನ್ ಕೆಡಿಸಿತು. 21 ಇರಾನಿಯರು, 6 ಸೀಶೆಲ್ಸ್‌ನವರು, ಒಟ್ಟು 27 ಜನ ಜೀವಂತ ಪಾರಾದರು. ವಾಪಸ್ ಬರುವ ದಾರಿಯಲ್ಲಿ ಇನ್ನೊಂದು ಗುಂಪು ಕೈಮಾಡಿತು, ಅದನ್ನೂ ಎದುರಿಸಿತು.

ಟೊಪಾಜ್ ಬಳಸಿದ ಹಡಗು, ಕೊಟ್ಟದ್ದು ಬೇರೆ ದೇಶ. ನಡೆಸಿದವರು, ಗುಂಡು ಹಾರಿಸಿದವರು, ಹಾರಿಸಬೇಕೋ ಬೇಡವೋ ಅಂತ ನಿರ್ಧರಿಸಿದವರು ಸೀಶೆಲ್ಸ್‌ನವರೇ. ಇಂಥ ನೆರವು ಫಲ ಕೊಟ್ಟಿತು ಅನ್ನಬೇಕಾದರೆ ಇದೇ ಗುರುತು.

ಹಿಡಿದ ಮೇಲೆ ಎಲ್ಲಿಗೆ ಒಯ್ಯುವುದು?

ಈ ಪ್ರಶ್ನೆ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. 2008ರ ಕೊನೆಯಿಂದ ಯುರೋಪ್, ಅಮೆರಿಕ, ಭಾರತ, ಚೀನಾ ಎಲ್ಲರ ಯುದ್ಧನೌಕೆಗಳು ಸೋಮಾಲಿಯಾ ಕಡೆಯ ಸಮುದ್ರದಲ್ಲಿ ಗಸ್ತು ತಿರುಗುತ್ತಿದ್ದವು. ಕಡಲ್ಗಳ್ಳರನ್ನು ಹಿಡಿಯುತ್ತಲೂ ಇದ್ದವು. ಹಿಡಿದು, ಬಂದೂಕು ಕಿತ್ತುಕೊಂಡು, ಎಷ್ಟೋ ಸಲ ಅವರನ್ನು ಬಿಟ್ಟುಬಿಡುತ್ತಿದ್ದವು. ಸುಮ್ನೆ ಅಲ್ಲ. ಯಾವ ದೇಶದ ಕೋರ್ಟಿನಲ್ಲಿ ಕೇಸು ಹಾಕುವುದು? ಸಾಕ್ಷಿ ಯಾರು? ಶಿಕ್ಷೆಯಾದರೆ ಯಾವ ಜೈಲು? ಬಹುತೇಕರ ಹತ್ತಿರ ಉತ್ತರ ಇರಲಿಲ್ಲ.

ಸೀಶೆಲ್ಸ್ 2010ರಲ್ಲಿ ತನ್ನ ಕಾನೂನು ತಿದ್ದಿತು. ಟೊಪಾಜ್ ಮೇಲೆ ದಾಳಿ ಮಾಡಿದ್ದ ಆ 11 ಮಂದಿಗೆ ಅದೇ ಜುಲೈನಲ್ಲಿ ತಲಾ 10 ವರ್ಷ ಶಿಕ್ಷೆ ಆಯಿತು. ಆಮೇಲೆ ಬೇರೆ ದೇಶಗಳ ನೌಕಾಪಡೆ ಹಿಡಿದವರನ್ನೂ ವಿಚಾರಣೆಗೆ ಒಪ್ಪಿಕೊಳ್ಳತೊಡಗಿತು. ಆದರೆ ಪುಟ್ಟ ದೇಶದ ಜೈಲು ಎಷ್ಟು ದೊಡ್ಡದಿದ್ದೀತು? ಇಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ತಡೆ ಕಚೇರಿ ಕೈಜೋಡಿಸಿತು. ವಿಚಾರಣೆ ನಡೆಸಲು ನೆರವು, ಜೈಲು ಸುಧಾರಣೆ, ದುಭಾಷಿಗಳು ಹೀಗೆ. 2012ರಿಂದ ಶಿಕ್ಷೆಯಾದವರನ್ನು, ಸೋಮಾಲಿಯಾದಿಂದ ಬೇರೆ ಎಂದು ಘೋಷಿಸಿಕೊಂಡಿರುವ ಸೋಮಾಲಿಲ್ಯಾಂಡ್‌ನ ಜೈಲಿಗೆ ಕಳಿಸುವ ವ್ಯವಸ್ಥೆಯೂ ಆಯಿತು. ಒಳ್ಳೆಯ ವಕೀಲ, ಸರಿಯಾಗಿ ಬರೆದ ಮಹಜರು, ಸೋಮಾಲಿ ಭಾಷೆ ಬಲ್ಲ ಒಬ್ಬ ದುಭಾಷಿ. ಇವೂ ಕಡಲು ಕಾಯುವ ಸಲಕರಣೆಗಳೇ, ಹಡಗಿನ ಹಾಗೆ ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲ ಅಷ್ಟೇ.

ಭಾರತಕ್ಕೂ ಇದಕ್ಕೆ ಪ್ರತ್ಯೇಕ ಕಾನೂನು ಬಂದದ್ದು ಇತ್ತೀಚೆಗೆ, ಕಡಲ್ಗಳ್ಳತನ ತಡೆ ಕಾಯ್ದೆ 2022. 2024ರ ಮಾರ್ಚ್‌ನಲ್ಲಿ ಐಎನ್‌ಎಸ್ ಕೋಲ್ಕತಾ, ಎಂವಿ ರುಯೆನ್ ಹಡಗಿನಿಂದ 17 ಸಿಬ್ಬಂದಿಯನ್ನು ಬಿಡಿಸಿ 35 ಕಡಲ್ಗಳ್ಳರನ್ನು ಸೆರೆ ಹಿಡಿದಾಗ ಅವರನ್ನು ಮುಂಬೈಗೆ ತಂದು ಪೊಲೀಸರಿಗೆ ಒಪ್ಪಿಸಿದ್ದು ಆ ಕಾಯ್ದೆಯ ಪ್ರಕಾರವೇ.

ರಿಪೇರಿ ಯಾರು ಮಾಡಿಸಬೇಕು?

ಉಪ್ಪು ನೀರು ಕಬ್ಬಿಣವನ್ನು ತಿನ್ನುತ್ತದೆ. ಗಸ್ತು ಹಡಗನ್ನು ಕಾಲಕಾಲಕ್ಕೆ ಮೇಲೆತ್ತಿ, ಕೆರೆದು, ಬಣ್ಣ ಬಳಿದು, ಎಂಜಿನ್ ಬಿಚ್ಚಿ ಜೋಡಿಸಬೇಕು. ಅಷ್ಟು ದೊಡ್ಡ ಯಾರ್ಡ್ ಸಣ್ಣ ದೇಶಗಳಲ್ಲಿ ಇರುವುದಿಲ್ಲ. ಸೀಶೆಲ್ಸ್‌ಗೆ ಭಾರತ ಹಡಗು ಕೊಟ್ಟಿದೆ, ಯುಎಇ ಬೋಟು ಕೊಟ್ಟಿದೆ, ಚೀನಾ ವಿಮಾನ ಕೊಟ್ಟಿದೆ. ಕೊಟ್ಟವರೆಲ್ಲ ಒಳ್ಳೆಯವರೇ ಇರಬಹುದು. ಆದರೆ ಒಂದೊಂದಕ್ಕೂ ಒಂದೊಂದು ಕಂಪನಿಯ ಎಂಜಿನ್, ಒಂದೊಂದು ಬಗೆಯ ಬಿಡಿಭಾಗ. ಮೆಕ್ಯಾನಿಕ್ ಎಷ್ಟು ಬಗೆ ಕಲಿಯಬೇಕು?

ಇದನ್ನು ಮೊದಲು ಅರ್ಥ ಮಾಡಿಕೊಂಡದ್ದು ಆಸ್ಟ್ರೇಲಿಯಾ ಅನ್ನಬಹುದು. 1987ರಿಂದ 1997ರವರೆಗೆ ಅದು ಪೆಸಿಫಿಕ್‌ನ 12 ದ್ವೀಪ ದೇಶಗಳಿಗೆ ಒಂದೇ ಮಾದರಿಯ 22 ಬೋಟು ಕೊಟ್ಟಿತು. ಒಂದೇ ಮಾದರಿ ಆದದ್ದರಿಂದ ಬಿಡಿಭಾಗವೂ ಒಂದೇ, ತರಬೇತಿಯೂ ಒಂದೇ. ಜೊತೆಗೆ ತನ್ನ ನೌಕಾಪಡೆಯ ಸಲಹೆಗಾರರನ್ನು ಆ ದೇಶಗಳಲ್ಲೇ ಇಟ್ಟಿತು. ಅವು ಹಳೆಯದಾದ ಮೇಲೆ 2018ರಿಂದ ಗಾರ್ಡಿಯನ್ ಎಂಬ ಹೊಸ ಮಾದರಿ ಕೊಡತೊಡಗಿತು. ಆದರೂ ಎಡವಟ್ಟು ತಪ್ಪಲಿಲ್ಲ. ಸಮೋವಾಕ್ಕೆ ಕೊಟ್ಟ ನಫನುವಾ-2 ಬೋಟು 2021ರಲ್ಲಿ ದಿಬ್ಬಕ್ಕೆ ಹತ್ತಿ ರಿಪೇರಿಗೂ ಬಾರದಷ್ಟು ಹಾಳಾಯಿತು. ಅದೇ ಮಾದರಿಯ ಬೋಟುಗಳಲ್ಲಿ ತಯಾರಿಕೆಯ ದೋಷಗಳೂ ಕಂಡುಬಂದವು. ಒಂದೇ ಮಾದರಿ ಎಂದರೆ ದೋಷವೂ ಎಲ್ಲ ಕಡೆ ಒಂದೇ, ಅಲ್ವಾ?

ಕೊಡುವವರಿಗೆ ಏನು ಸಿಗುತ್ತದೆ?

ಪುಕ್ಕಟೆ ಯಾರೂ ಕೊಡುವುದಿಲ್ಲ. ತೂಕದ ಲೆಕ್ಕದಲ್ಲಿ ಭಾರತದ ವಿದೇಶ ವ್ಯಾಪಾರದ ನೂರಕ್ಕೆ ಸುಮಾರು 95 ಪಾಲು ಹಡಗಿನಲ್ಲೇ ನಡೆಯುತ್ತದೆ. ಮಂಗಳೂರಿನ ಎಂಆರ್‌ಪಿಎಲ್‌ಗೆ ಕಚ್ಚಾತೈಲ ಬರುವುದು ಸಮುದ್ರದಿಂದ. ಕೊಡಗು, ಚಿಕ್ಕಮಗಳೂರಿನ ಕಾಫಿ ಇಟಲಿ, ಜರ್ಮನಿಗೆ ಹೋಗುವುದೂ ಸಮುದ್ರದ ಮೇಲೆ. 2023ರ ಕೊನೆಯಲ್ಲಿ ಯೆಮನ್‌ನ ಹೂಥಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳಿಗೆ ಹೊಡೆಯತೊಡಗಿದಾಗ ಹಡಗುಗಳು ಇಡೀ ಆಫ್ರಿಕಾ ಸುತ್ತಿ ಹೋಗಬೇಕಾಯಿತು. ಬಾಡಿಗೆ ಏರಿದ್ದನ್ನು ನಮ್ಮ ರಫ್ತುದಾರರು ಕಣ್ಣಾರೆ ಕಂಡಿದ್ದಾರೆ. ಇಷ್ಟು ದೊಡ್ಡ ಸಾಗರವನ್ನು ಒಂದೇ ದೇಶದ ನೌಕಾಪಡೆ ಕಾಯಲಾರದು. ಪಕ್ಕದವರು ತಮ್ಮ ಪಾಲು ಕಾದುಕೊಂಡರೆ ನಮ್ಮ ಹೊರೆ ಇಳಿಯುತ್ತದೆ.

ಇನ್ನೊಂದು ಕಾರಣ ಅಷ್ಟು ಜೋರಾಗಿ ಯಾರೂ ಹೇಳುವುದಿಲ್ಲ. ನಾವು ಕೊಡದಿದ್ದರೆ ಚೀನಾ ಕೊಡುತ್ತದೆ ಎಂಬ ಲೆಕ್ಕ. ರಾಡಾರ್ ಕೊಟ್ಟವರಿಗೆ ಅದರಲ್ಲಿ ಕಂಡದ್ದು ಗೊತ್ತಾಗುತ್ತದೆ. ಹಡಗು ಕೊಟ್ಟವರಿಗೆ ಬಂದರಿನ ಬಾಗಿಲು ತೆರೆಯುತ್ತದೆ.

ಪಡೆಯುವವರ ಅನುಮಾನ

ಆ ಲೆಕ್ಕ ಪಡೆಯುವವರಿಗೂ ಗೊತ್ತು. ಸೀಶೆಲ್ಸ್‌ನ ಅಸಂಪ್ಷನ್ ದ್ವೀಪದಲ್ಲಿ ಭಾರತ ಸೌಕರ್ಯ ಕಟ್ಟಿಕೊಡುವ ಒಪ್ಪಂದ 2015ರಲ್ಲಿ ಆಯಿತು, 2018ರ ಜನವರಿಯಲ್ಲಿ ತಿದ್ದುಪಡಿ ಆಯಿತು. ಇದು ಮಿಲಿಟರಿ ನೆಲೆ ಆಗುತ್ತದೆ ಅಂತ ಅಲ್ಲಿನ ಜನ ಬೀದಿಗಿಳಿದರು. ಸಂಸತ್ತಿನ ಒಪ್ಪಿಗೆ ಸಿಗಲೇ ಇಲ್ಲ. ಅದೇ ವರ್ಷ ಯೋಜನೆ ನಿಂತಿತು. ಡಾರ್ನಿಯರ್, ಹಡಗು, ರಾಡಾರ್ ಎಲ್ಲ ಬೇಕು ಅಂದ ಜನವೇ ನೆಲದ ವಿಷಯ ಬಂದಾಗ ಬೇಡ ಅಂದರು.

ಮಾಲ್ಡೀವ್ಸ್‌ನಲ್ಲಿ ಇದು ಚುನಾವಣೆಯ ವಿಷಯವೇ ಆಯಿತು. ಭಾರತ ಅವರಿಗೆ ಎರಡು ಧ್ರುವ್ ಹೆಲಿಕಾಪ್ಟರ್ ಮತ್ತು ಒಂದು ಡಾರ್ನಿಯರ್ ಕೊಟ್ಟಿತ್ತು. ಧ್ರುವ್ ಬೆಂಗಳೂರಿನ ಎಚ್‌ಎಎಲ್‌ನದ್ದು. ಗಸ್ತಿನ ಜೊತೆಗೆ ದೂರದ ದ್ವೀಪಗಳ ರೋಗಿಗಳನ್ನು ಆಸ್ಪತ್ರೆಗೆ ಸಾಗಿಸುವ ಕೆಲಸವೂ ಅವುಗಳದ್ದು. ನಡೆಸುತ್ತಿದ್ದವರು ಭಾರತದ ಸೈನಿಕರು. ಅವರನ್ನು ವಾಪಸ್ ಕಳಿಸುತ್ತೇವೆ ಎಂದು ಹೇಳಿ 2023ರಲ್ಲಿ ಮೊಹಮ್ಮದ್ ಮುಯಿಝು ಅಧ್ಯಕ್ಷರಾದರು. 2024ರ ಮೇ 10ರೊಳಗೆ ಸೈನಿಕರು ಮರಳಿದರು, ಅವರ ಜಾಗಕ್ಕೆ ಭಾರತದ್ದೇ ಸೈನಿಕೇತರ ತಂತ್ರಜ್ಞರು ಹೋದರು. ಅದಾದ ಕೂಡಲೇ ಮಾಲ್ಡೀವ್ಸ್‌ನ ರಕ್ಷಣಾ ಸಚಿವರು ಒಂದು ಮಾತು ಒಪ್ಪಿಕೊಂಡರು. ಆ ಮೂರನ್ನೂ ಹಾರಿಸಬಲ್ಲ ಪೈಲಟ್‌ಗಳು ತಮ್ಮ ಪಡೆಯಲ್ಲಿ ಇಲ್ಲ ಅಂತ.

ಟೊಪಾಜ್‌ಗೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ. ಅಲ್ಲಿ ಯಂತ್ರದ ಜೊತೆ ಕೈಗಳೂ ತಯಾರಾಗಿದ್ದವು. ಇಲ್ಲಿ ಯಂತ್ರ ಬಂದು ವರ್ಷಗಳಾದರೂ ಕೈಗಳು ಕೊಟ್ಟವರದ್ದೇ ಆಗಿದ್ದವು. ಈ ತಪ್ಪಿನಲ್ಲಿ ಎರಡೂ ಕಡೆಯ ಪಾಲಿದೆ. ಕಲಿಸುವುದಕ್ಕೆ ವರ್ಷಗಳು ಹಿಡಿಯುತ್ತವೆ, ಕಲಿಯಲು ಕಳಿಸುವುದಕ್ಕೆ ಜನ ಬೇಕು. ಐದು ಲಕ್ಷದಷ್ಟು ಜನಸಂಖ್ಯೆಯ ದೇಶದಲ್ಲಿ ಪೈಲಟ್ ಆಗಬಲ್ಲವರು ಪ್ರವಾಸಿಗರನ್ನು ರೆಸಾರ್ಟಿಗೆ ಒಯ್ಯುವ ಸೀಪ್ಲೇನ್ ಕಂಪನಿಗಳಿಗೂ ಬೇಕು.

ಸೈನಿಕರು ಮರಳಿ ಐದು ತಿಂಗಳಾದ ಮೇಲೆ, 2024ರ ಅಕ್ಟೋಬರ್‌ನಲ್ಲಿ, ಮುಯಿಝು ದೆಹಲಿಗೆ ಬಂದರು. ಆಗ ಎರಡೂ ದೇಶ ಒಪ್ಪಿಕೊಂಡ ಸಂಗತಿಗಳಲ್ಲಿ ಒಂದು, ಮಾಲ್ಡೀವ್ಸ್ ಕೋಸ್ಟ್ ಗಾರ್ಡ್‌ನ ಹುರಾವೀ ಹಡಗಿನ ದುರಸ್ತಿ. ಹಿಂದೆ ಭಾರತವೇ ಕೊಟ್ಟಿದ್ದ ಹಡಗು ಅದು. ದುರಸ್ತಿಯ ಖರ್ಚೂ ಭಾರತದ್ದೇ ಅಂತ ತೀರ್ಮಾನವಾಯಿತು.